ಬಾಲಕ್ಕೊಂದು ಕಾಜ

ಸೊರಬದಲ್ಲಿರುವ ನನ್ನ ಮಗಳ ಮಗಳು ಫೋನಿನಲ್ಲಿ ಅತ್ತದ್ದು ಮಂಗನ ಪಾತ್ರ ಸಿಕ್ಕಿತೆಂದಲ್ಲ, ಸಿಕ್ಕ ಪಾತ್ರ ಕೈತಪ್ಪುತ್ತದೆಂದು. ಶಾಲೆಯ ವಾರ್ಷಿಕೋತ್ಸವಕ್ಕೆ ನಾಲ್ಕನೇ ಕ್ಲಾಸಿನವರದು ನಾಟಕ. ಮಂಗಗಳ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಇವಳು ಗಂಡಿನ ಅಜ್ಜಿ. ಬಾಡಿಗೆಗೆ ತಂದ ಐದೂ ವೇಷ ಒಂದೇ ಅಚ್ಚು: ಅದೇ ಕಂದು ಬಟ್ಟೆ, ಅದೇ ಮುಖವಾಡ, ಅದೇ ಬಾಲ. ಗಂಡು ಯಾವುದು, ಹೆಣ್ಣು ಯಾವುದು ಎಂದು ಮೇಷ್ಟ್ರಿಗೇ ತಿಳಿಯಲಿಲ್ಲವಂತೆ. ನಾಡಿದ್ದಿನ ತಾಲೀಮಿನಲ್ಲೂ ಹೀಗೇ ಗೊಂದಲವಾದರೆ ಅಜ್ಜಿಯನ್ನು ತೆಗೆದುಬಿಡುತ್ತೇನೆ, ಅವಳಿಗಿರುವುದು ಮೂರೇ ಮಾತು, ಎಂದರಂತೆ.

"ಅಜ್ಜೀ, ನೀನೇ ಬಾ. ಅಮ್ಮಂಗೆ ಇದೆಲ್ಲ ಬರಲ್ಲ."

"ಅತ್ತರೆ ಮಂಗ ಅಜ್ಜಿ ಆಗ್ತೈತೇನೆ? ಮೂಗು ಒರೆಸ್ಕ. ಬರ್ತೀನಿ."

ಶಿಕಾರಿಪುರದಿಂದ ಹೊರಡುವಾಗ ಕೈಗೆ ಸಿಕ್ಕಿದ್ದೆಲ್ಲ ಚೀಲಕ್ಕೆ ತುಂಬಿದೆ. ಎರಡು ಹಳೆಯ ಸೀರೆ, ಸರ, ಬಳೆ, ಕೆಟ್ಟ ವಾಚು, ತೀರಿಹೋದ ಯಜಮಾನರ ಕೊಡೆ. ಶಿರಾಳಕೊಪ್ಪದಲ್ಲಿ ಹತ್ತಿದ ಬಸ್ಸಿನ ಕಂಡಕ್ಟರ್, "ಇಷ್ಟು ದೊಡ್ಡ ಚೀಲ, ಎಲ್ಲಿಗಮ್ಮಾ?" ಎಂದ.

"ಮಂಗನ ಮನೆಗೆ ಹೆಣ್ಣು ನೋಡಾಕೆ."

ಮತ್ತೆ ಅವನು ನನ್ನ ಕಡೆ ತಿರುಗಲಿಲ್ಲ.

ಸಂಜೆ ಮೊಮ್ಮಗಳಿಗೆ ವೇಷ ಹಾಕಿಸಿ, ಅದರ ಮೇಲೆ ಸೀರೆ ಉಡಿಸಿ, ಸರ, ಬಳೆ, ಹೂವು ಎಲ್ಲ ಏರಿಸಿದೆ. ಹೊತ್ತು ತಂದದ್ದನ್ನು ಬಳಸದೆ ಬಿಡುವ ಜನ ನಾವಲ್ಲ. ಬೀಗತಿ, ಅಂದರೆ ಮಗಳ ಅತ್ತೆ, ಬಾಗಿಲಲ್ಲಿ ನಿಂತು ನೋಡಿದರು.

"ಮಂಗ ಎಲ್ಲಿ ಮಾರಾಯ್ರೆ? ನಂಗೆ ಸೀರೆ ಅಂಗಡಿ ಗೊಂಬೆ ಕಾಣ್ತದೆ."

ಮಾತು ಚುಚ್ಚಿತು. ಆದರೆ ಸುಳ್ಳಲ್ಲ. ಬಾಲ ಸೀರೆಯೊಳಗೆ ಮುದುಡಿ ಹಿಂದೆ ಗಂಟಿನಂತೆ ಕೂತಿತ್ತು. ಮಂಗವೇ ಕಾಣದ ಮೇಲೆ ಅದು ಅಜ್ಜಿಯಾಗಿ ಏನು ಬಂತು? ಎಲ್ಲ ಬಿಚ್ಚಿಸಿದೆ. ಬೆಳಿಗ್ಗೆ ಒಂದು ಸೀರೆಯನ್ನು ಅರ್ಧಕ್ಕೆ ಹರಿದು ಪೇಟೆಯ ಟೈಲರ್ ಸಾಬರ ಮುಂದಿಟ್ಟೆ. ಲಂಗದ ಹಾಗೆ ಹೊಲಿಯಿರಿ, ಹಿಂದೆ ಬಾಲ ಹೊರಗೆ ಬರಲು ಒಂದು ಕಾಜ ಹಾಕಿ ಎಂದೆ. ಅವರು ಕತ್ತರಿ ಕೆಳಗಿಟ್ಟರು.

"ಅಮ್ಮಾ, ನಲವತ್ತು ವರ್ಷದಿಂದ ಗುಂಡಿಗೆ ಕಾಜ ಹಾಕ್ತಾ ಇದೀನಿ. ಬಾಲಕ್ಕೆ ಇದೇ ಮೊದಲು. ಅಳತೆ ಹೇಳಿ."

"ಎರಡು ಬೆರಳು. ಗಟ್ಟಿ ಹಾಕ್ರಿ, ಮಂಗ ಸುಮ್ನೆ ಕೂರಂಗಿಲ್ಲ."

ಮರುದಿನ ತಾಲೀಮಿನ ಹೊತ್ತಿಗೆ ಶಾಲೆಗೆ ಹೋದೆ. ಈ ಸಲ ಒಬ್ಬೊಬ್ಬರಿಗೆ ಒಂದೊಂದೇ ಸಾಮಾನು. ಗಂಡಿಗೆ ವಾಚು, ಅವನು ಕ್ಷಣಕ್ಕೊಮ್ಮೆ ಗಂಟೆ ನೋಡತೊಡಗಿದ. ಅಪ್ಪನಿಗೆ ಕೊಡೆ. ದಲ್ಲಾಳಿಯ ಕಂಕುಳಿಗೆ ಒಂದು ಡೈರಿ. ಹೆಣ್ಣಿಗೆ ಕನಕಾಂಬರದ ದಂಡೆ. ನಮ್ಮ ಹುಡುಗಿಗೆ ಬಾಲದ ಲಂಗ ಹಾಕಿ, ಸೊಂಟಕ್ಕೆ ನನ್ನ ಎಲೆಅಡಿಕೆ ಸಂಚಿ ಸಿಕ್ಕಿಸಿದೆ. ಇನ್ನೂ ಏನೋ ಕಡಿಮೆ ಅನ್ನಿಸಿತು. ನನ್ನ ಕನ್ನಡಕ ತೆಗೆದು ಮುಖವಾಡದ ಮೂಗಿನ ತುದಿಗೆ ದಾರದಲ್ಲಿ ಕಟ್ಟಿದೆ. ತಲೆ ತಗ್ಗಿಸಿ, ಕನ್ನಡಕದ ಮೇಲಿಂದ ದುರುಗುಟ್ಟಿ ನೋಡು ಎಂದೆ.

ಆಮೇಲೆ ಬೀಗತಿಯ ಪಕ್ಕ ಬೆಂಚಿನ ಮೇಲೆ ಕೂತೆ. ಕನ್ನಡಕವಿಲ್ಲದೆ ನನಗೆ ಕಂಡದ್ದು ಐದು ಕಂದು ಮೂಟೆ. ಅದರಲ್ಲಿ ಒಂದು ಮೂಟೆ ಸೊಂಟದ ಮೇಲೆ ಕೈಯಿಟ್ಟು, ಎಡಗಾಲು ಎಳೆಯುತ್ತಾ ನಡೆದು ಬಂತು. ಕೂತು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರುವ ಹಾಗೆ ಮಾಡಿತು.

"ಏ ಹುಡುಗೀ, ಸೂಜಿಗೆ ದಾರ ಪೋಣಿಸೇ. ಕಣ್ಣು ಕಾಣ್ತಾವೋ ಇಲ್ವೋ ನೋಡ್ಬೇಕು."

"ಸೂಜಿನೇ ಇಲ್ವಲ್ಲ ಅಜ್ಜೀ, ನಿಮಗೇ ಕಣ್ಣು ಕಾಣಲ್ಲ!" ಎಂದಿತು ಹೆಣ್ಣು ಮಂಗ.

ಆ ಸೂಜಿಯ ಮಾತು ಮೇಷ್ಟ್ರು ಬರೆದದ್ದಲ್ಲ. ಸೊಸೆಯನ್ನು ನೋಡಲು ಹೋದಾಗ ನಾನು ಹೀಗೇ ಸೂಜಿ ಕೊಟ್ಟಿದ್ದೆ. ಮನೆಯಲ್ಲಿ ಇವತ್ತಿಗೂ ಅದನ್ನು ಆಡಿಕೊಂಡು ನಗುತ್ತಾರೆ. ಎಡಗಾಲೂ ನನ್ನದೇ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೆಲ್ಲ ನನ್ನ ಕಡೆ ತಿರುಗಿ ನಗುತ್ತಿದ್ದರು.

"ನೀವೇ ಅಲ್ದೇನ್ರೀ ಅದು?" ಬೀಗತಿ ಮೊಣಕೈಯಿಂದ ತಿವಿದರು.

"ನನಗೆ ಬಾಲ ಐತೇನ್ರಿ?" ಎಂದೆ. ನನಗೂ ನಗು ತಡೆಯಲಾಗಲಿಲ್ಲ.

ಕನ್ನಡಕವಿಲ್ಲದ ನನಗೇ ಗುರುತು ಸಿಕ್ಕ ಮೇಲೆ ಮೇಷ್ಟ್ರಿಗೆ ಸಿಗದಿರುತ್ತದೆಯೇ? ಅವರು ಕಣ್ಣು ಒರೆಸಿಕೊಳ್ಳುತ್ತಾ ಎದ್ದರು. "ಅಜ್ಜಿ ಇರಲಿ. ಸೂಜಿ ಮಾತೂ ಇರಲಿ."

ಮೊಮ್ಮಗಳು ಮುಖವಾಡ ಎತ್ತಿ ನನ್ನ ಹತ್ತಿರ ಓಡಿ ಬಂದಳು. ಬಾಲ ಹಿಂದೆ ಕುಣಿಯುತ್ತಿತ್ತು, ಕಾಜ ಹರಿದಿರಲಿಲ್ಲ.

"ಕನ್ನಡಕ ಕೊಡೇ," ಎಂದೆ.

"ವಾರ್ಷಿಕೋತ್ಸವ ಮುಗೀಲಿ ಅಜ್ಜೀ."

ಅದಕ್ಕಿನ್ನೂ ನಾಲ್ಕು ದಿನವಿತ್ತು. ಆ ನಾಲ್ಕು ದಿನ ಬೀಗತಿ ಅಕ್ಕಿ ಆರಿಸಿದರು, ಕಲ್ಲು ಕಾಣದ ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕಿದೆ.