ಮೈಸೂರು ಹಡಗಿನ ನಾಲ್ಕನೇ ಫಿರಂಗಿ ಗೂಡು

ನೀನು ಇಂಜಿನಿಯರ್ ಆಗುವುದು ಈ ಜನ್ಮಕ್ಕೆ ಆಗದ ಮಾತು ಎಂದು ಹೇಳಿದವರು ನನ್ನ ಸೋದರಮಾವ, ವಾಸು ಮಾವ. ಕೋಪದಿಂದೇನೂ ಹೇಳಲಿಲ್ಲ. ಕಾದ ಬೆಸುಗೆ ಕೋಲಿನ ತುದಿ ಶುಚಿಯಾಗಲೆಂದು ಅದನ್ನು ನವಸಾಗರದ ತುಂಡಿಗೆ ಒತ್ತುತ್ತಾ, ಭುಸ್ಸೆಂದು ಎದ್ದ ಬಿಳಿ ಹೊಗೆಯ ಆಚೆಯಿಂದ, ನಾಳೆ ನಲ್ಲಿಯಲ್ಲಿ ನೀರಿಲ್ಲ ಎಂದಷ್ಟೇ ಸಹಜವಾಗಿ ಹೇಳಿದರು. ಈಗ ನಾನಿರುವುದು ಮುಂಬಯಿಯ ಪಕ್ಕದ ಐರೋಲಿಯಲ್ಲಿ. ನಮ್ಮ ಕಟ್ಟಡದ ಕೆಳಗೆ ಒಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಅಲ್ಲಿಯ ಹುಡುಗ ಬೆಸುಗೆ ಹಾಕುವ ಹೊತ್ತಿಗೆ ನಾನು ಹಾದುಹೋದರೆ ಕಾಲು ತಾನಾಗಿ ನಿಲ್ಲುತ್ತದೆ. ಮಾವನ ನವಸಾಗರ ಗಂಟಲಿಗೆ ಹತ್ತುತ್ತಿತ್ತು, ಆ ಖಾರ ಇವನ ಹೊಗೆಯಲ್ಲಿ ಇಲ್ಲ. ಆದರೂ ಕರಗಿದ ಸೀಸದ ಆ ಕಮಟು ಸಾಕು, ಠಾಣೆಯ ವಾಗ್ಳೆ ಎಸ್ಟೇಟಿನ ಹಿಂದಿನ ನಮ್ಮ ಚಾಳಿನ ಕೋಣೆ, ಸೀಮೆಎಣ್ಣೆ ಸ್ಟವ್ವಿನ ನೀಲಿ ಉರಿ, ಗೋಡೆಗೆ ಒರಗಿದ ಅಮ್ಮ, ಬಾಗಿಲ ಬಳಿಯ ನೀರಿನ ಡ್ರಮ್ಮು, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ನಿಮಗೂ ಅಂಥ ಒಂದು ವಾಸನೆ ಇದ್ದೀತು. ಅದು ಎಲ್ಲಿ ಬಂದು ಹಿಡಿಯುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ.

ಒಂದೇ ಕೋಣೆ, ಅದರೊಳಗೆ ಐದು ಮಂದಿ. ಅಪ್ಪ ಡೊಂಬಿವಲಿಯ ಹೊಟೇಲಿನಲ್ಲಿ ಅಡಿಗೆಯವರು. ರಾತ್ರಿ ಅಲ್ಲಿಯೇ ಮಲಗಿ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಮನೆಗೆ ಯಜಮಾನರು ಅಮ್ಮನ ಅಣ್ಣ ವಾಸು ಮಾವ. ನಮ್ಮ ಉಡುಪಿ ಕಡೆಯ ಕುಟುಂಬದಲ್ಲಿ ಸೋದರಮಾವನ ಮಾತೇ ಕೊನೆಯ ಮಾತು. ಯಾರ ಮದುವೆ ಯಾವಾಗ, ಯಾರ ಓದು ಎಲ್ಲಿಯ ತನಕ ಎಂಬುದನ್ನು ಅವರೇ ತೀರ್ಮಾನಿಸಬೇಕು. ಮದುವೆಯಾಗದ ಮಾವನಿಗೆ ಸಂಸಾರ ಎಂದರೆ ನಾವೇ: ಅಮ್ಮ, ನಾನು, ನನಗಿಂತ ತುಂಬ ಸಣ್ಣವಳಾದ ತಂಗಿ ಲತಾ. ಲತಾ ಮನೆಯ ಮಾತು ತಿಳಿದಿದ್ದರೂ ಉತ್ತರವನ್ನು ಚಾಳಿನ ಹಿಂದಿಯಲ್ಲೇ ಕೊಡುತ್ತಿದ್ದಳು. ಮಾವ ನಮಗಲ್ಲದೆ ಇನ್ನೊಂದಕ್ಕೂ ಸೇರಿದವರಾಗಿದ್ದರು. ಅದು ‘ಮೈಸೂರು’ ಎಂಬ ಯುದ್ಧನೌಕೆ.

ಪ್ರಾಯದಲ್ಲಿ ಮಾವ ನೌಕಾಪಡೆ ಸೇರಿ ಆ ಹಡಗಿನ ಹೊಟ್ಟೆಯಲ್ಲಿ, ಬಾಯ್ಲರುಗಳ ಮುಂದೆ, ವರ್ಷಗಟ್ಟಲೆ ಬೆಂದಿದ್ದರು. ಅದು ಇಂಗ್ಲಿಷರು ಕಟ್ಟಿದ ಲಘು ಕ್ರೂಸರ್. ಎರಡನೇ ಮಹಾಯುದ್ಧದಲ್ಲಿ ಬೇರೆ ಹೆಸರಿನಲ್ಲಿ ಹೋರಾಡಿ, ಟಾರ್ಪೆಡೊ ಏಟು ತಿಂದು ಬದುಕಿ, ಆಮೇಲೆ ನಮ್ಮ ದೇಶಕ್ಕೆ ಮಾರಾಟವಾಗಿ ಮೈಸೂರು ಎಂಬ ಹೆಸರು ಪಡೆದಿತ್ತು. ಆ ಹೆಸರಿನಿಂದಾಗಿಯೇ ಮಾವ ಅದನ್ನು ತವರಿನ ಹೆಣ್ಣಿನಂತೆ ಕಾಣುತ್ತಿದ್ದರು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಜನರಿಗೆ ಹಡಗು ನೋಡಲು ಬಿಡುವ ದಿನವೊಂದರಲ್ಲಿ ನನ್ನನ್ನು ಹಡಗು ನಿಲ್ಲುವ ಮುಂಬಯಿಯ ದಕ್ಕೆಗೆ ಕರೆದುಕೊಂಡು ಹೋದರು. ಹಡಗು ಎಂದರೆ ನೀರಿನ ಮೇಲಿನ ವಸ್ತು ಎಂದುಕೊಂಡಿದ್ದೆ. ಕಣ್ಣ ಮುಂದೆ ನಿಂತದ್ದು ಬೂದು ಬಣ್ಣದ ಒಂದು ಬೀದಿ. ನೆಟ್ಟಗೆ ನಿಂತ ಎರಡು ಹೊಗೆ ಕೊಳವೆಗಳು, ಮಹಡಿಯ ಮೇಲೆ ಮಹಡಿ, ಏಣಿಯ ಮೇಲೆ ಏಣಿ, ಮುಂಬ್ರಾದ ಗುಡ್ಡವನ್ನೇ ಕಡಿದು ಉಕ್ಕಿನಲ್ಲಿ ಎರಕ ಹೊಯ್ದ ಹಾಗೆ. ಕೈಯಿಟ್ಟರೆ ಬಿಸಿಲಿಗೆ ಕಾದ ಉಕ್ಕಿನೊಳಗೆ ಯಂತ್ರದ ಸಣ್ಣ ನಡುಕ. ಇಷ್ಟು ಭಾರ ನೀರಿನ ಮೇಲೆ ನಿಂತಿದೆ, ಮುಳುಗುವುದಿಲ್ಲ, ಮಗುಚುವುದೂ ಇಲ್ಲ!  ಆ ಬೆರಗು ಇವತ್ತಿಗೂ ನನ್ನಲ್ಲಿ ಇಳಿದಿಲ್ಲ, ಇಳಿಯದಿರಲಿ.

ಮಾವ ಮಾತ್ರ ನನ್ನನ್ನು ಸೀದಾ ಹಡಗಿನ ಹಿಂಭಾಗಕ್ಕೆ ಎಳೆದುಕೊಂಡು ಹೋದರು. ಮುಂದೆ ಎರಡು ಫಿರಂಗಿ ಗೂಡುಗಳಿದ್ದವು. ಒಂದೊಂದೂ ಮೂರು ಫಿರಂಗಿಗಳನ್ನು ಹೊತ್ತು ಸುತ್ತಲೂ ತಿರುಗುವ ಉಕ್ಕಿನ ಮನೆ. ಹಿಂದೆ ಇದ್ದದ್ದು ಒಂದೇ.

“ನೋಡು ಶಾರೂ, ಮುಂದೆ ಎರಡು ಉಂಟಲ್ಲ? ಹಿಂದೆ ಎಷ್ಟು?”

“ಒಂದು.”

“ಇಲ್ಲಿ ಇನ್ನೊಂದು ಇತ್ತು. ಇಂಗ್ಲಿಷಿನವರು ಮಾರುವ ಮೊದಲು ಬಿಚ್ಚಿ ಇಟ್ಕೊಂಡ್ರು. ನಾಲ್ಕು ಇಡ್ಲಿ ಅಂತ ಹೇಳಿ ಮೂರು ಬಡಿಸಿದ ಹಾಗೆ! ಕಳ್ಳರು.”

ನಮ್ಮ ಇಡೀ ಚಾಳಿಗೆ ಈ ಕಳ್ಳತನದ ಕತೆ ಗೊತ್ತಿತ್ತು. ಗಣಪತಿ ಹಬ್ಬಕ್ಕೆ ಬಂದವರಿಗೂ ಬೆಲ್ಲದ ನೀರಿನ ಜೊತೆ ಮಾವ ಇದನ್ನೇ ಬಡಿಸುತ್ತಿದ್ದರು. ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಪಕ್ಕದ ಕೋಣೆಯ ಮರಾಠಿ ಹೆಂಗಸು, “ವಾಸು ಭಾವೂ, ಪೊಲೀಸ್ ಕಂಪ್ಲೇಂಟ್ ಕೆಲಿ ಕಾ?” ಎಂದು, ದೂರು ಕೊಟ್ಟಾಯಿತೇ ಎಂಬಂತೆ, ಕೆಣಕಿದರೆ ಮಾವ ಗಂಭೀರವಾಗಿಯೇ ತಲೆಯಲ್ಲಾಡಿಸುತ್ತಿದ್ದರು.

ಹಡಗು ಕೆಲಸದಿಂದ ನಿವೃತ್ತಿಯಾಗಿ ಒಡೆಯುವವರ ಪಾಲಾಯಿತೆಂದು ತಿಳಿದ ದಿನ ಮಾವ ಊಟ ಮಾಡಲಿಲ್ಲ. ನೌಕಾಪಡೆ ಬಿಟ್ಟ ಮೇಲೆ ಅವರು ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಆ ವಾರ ಅಪ್ಪನ ಹೊಟೇಲಿನಿಂದ ಎಣ್ಣೆಯ ಖಾಲಿ ಡಬ್ಬಗಳನ್ನು ತರಿಸಿಕೊಂಡರು. ಕತ್ತರಿಸಿ, ಬಗ್ಗಿಸಿ, ಬೆಸೆದು, ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಮೈಸೂರು ಹಡಗನ್ನು ಕಟ್ಟತೊಡಗಿದರು. ಎಷ್ಟೋ ಭಾನುವಾರಗಳು ಅದರಲ್ಲೇ ಹೋದವು. ಒಳಮೈಯಲ್ಲಿ ಕಡಲೆಕಾಯಿ ಎಣ್ಣೆಯ ಹಳದಿ ಜಾಹೀರಾತು, ಹೊರಮೈಗೆ ಕಾರ್ಖಾನೆಯ ಬೂದು ಬಣ್ಣ. ಫಿರಂಗಿಗಳಿಗೆ ಮುರಿದ ಕೊಡೆಯ ಕಡ್ಡಿ, ರೇಡಾರಿಗೆ ಅಮ್ಮನ ಹೇರ್‌ಪಿನ್ನು, ವಿಮಾನ ಹೊಡೆಯುವ ಸಣ್ಣ ಕೋವಿಗಳಿಗೆ ರೀಫಿಲ್ಲಿನ ಮೂತಿ. ಗೂಡುಗಳು ನಾಲ್ಕು, ಅದೂ ದಪ್ಪ ತಗಡಿನವು. ಇಂಗ್ಲಿಷರು ಕಿತ್ತುಕೊಂಡದ್ದನ್ನು ನಮ್ಮ ಚಾಳಿನಲ್ಲಿ ಮಾವ ವಾಪಸು ಕೂರಿಸಿದ್ದರು. ಯುದ್ಧದಲ್ಲಿ ಆಮೇಲೆ ಹತ್ತಿಸಿದ ಕೋವಿ, ರೇಡಾರುಗಳಲ್ಲೂ ಒಂದನ್ನು ಬಿಟ್ಟಿರಲಿಲ್ಲ.

ಮುಂಜಾನೆಯ ನೀರು ತುಂಬಿದ ಡ್ರಮ್ಮಿನಲ್ಲಿ ಅದನ್ನು ಇಳಿಸಿದರು. ಅರೆಕ್ಷಣ ರಾಣಿಯಂತೆ ನಿಂತ ಹಡಗು ನಿಧಾನವಾಗಿ ಬಲಕ್ಕೆ ವಾಲಿ, ತಿರುಗಿ ಮಗುಚಿಕೊಂಡಿತು.

“ಡೂಬ್ ಗಯಾ!” ಎಂದು ಲತಾ ಚಪ್ಪಾಳೆ ತಟ್ಟಿದಳು.

ಮಾವ ತಗಡನ್ನು ಬೈದರು, ಬೆಸುಗೆಯನ್ನು ಬೈದರು, ನೀರನ್ನೂ ಬೈದರು. ತಿದ್ದಿ ಮತ್ತೆ ಬಿಟ್ಟರೆ ಮತ್ತೆ ಮಗುಚಿತು. ಕೊನೆಗೆ ಹಡಗು ತಲೆಯ ಮೇಲಿನ ಹಲಗೆಯ ಅಟ್ಟವಾದ ಪೊಟ್‌ಮಾಳಿಗೆ ಸೇರಿತು.

ನಾನು ಹತ್ತನೆಯ ತರಗತಿ ಪಾಸಾದ ಬೇಸಿಗೆಯಲ್ಲಿ ಡಿಪ್ಲೊಮಾಕ್ಕೆ ಸೇರುತ್ತೇನೆ, ಮುಂದೆ ಇಂಜಿನಿಯರ್ ಆಗುತ್ತೇನೆ ಎಂದೆ. ನಮ್ಮ ಮನೆಯಲ್ಲಿ ಹತ್ತು ದಾಟಿದವರೇ ಇರಲಿಲ್ಲ. ಮಾವ ಒಂದು ಬಕೆಟ್ಟಿನ ತೂತಿಗೆ ಬೆಸುಗೆ ಹಾಕುತ್ತಾ ಈ ಜನ್ಮಕ್ಕೆ ಆಗದು ಎಂಬ ಆ ಮಾತು ಆಡಿದ್ದು ಆಗಲೇ. ನನಗೆ ಅಷ್ಟರಲ್ಲಿ ಒಂದು ಜಾತಕ ಬಂದಿತ್ತು. ಹುಡುಗನದು ಕಲ್ಯಾಣದಲ್ಲಿ ಪಾನ್ ಅಂಗಡಿ.

“ಯಾಕೆ ಆಗುವುದಿಲ್ಲ?” ಎಂದೆ.

“ಇಂಜಿನಿಯರ್ ಅಂದ್ರೆ ಎಂತ ಅಂತ ಗೊತ್ತುಂಟಾ ನಿಂಗೆ? ಆ ಹಡಗು ನನ್ನ ಕೈಯಲ್ಲೇ ತೇಲ್ಲಿಲ್ಲ. ನೀನು ತೇಲಿಸು ನೋಡುವ. ತೇಲಿಸಿದ್ರೆ ಕಾಲೇಜು. ಇಲ್ಲದಿದ್ರೆ ಸುಮ್ಮನೆ ಜಾತಕ ನೋಡುವುದು. ಆಯ್ತಾ?”

ಅವರಿಗೆ ಅದು ತಮಾಷೆ. ನನಗೆ ಮಾತ್ರ ಕಾಲೇಜಿನ ಬಾಗಿಲು ಇದ್ದದ್ದು ಆ ಡ್ರಮ್ಮಿನೊಳಗೆ.

ಹಡಗು ಇಳಿಸಿ ಧೂಳು ಒರೆಸಿದೆ. ಮೊದಲು ಹೊಳೆದದ್ದು ತಳಕ್ಕೆ ಭಾರ ಹಾಕುವುದು. ಮೇಲಿನ ತಗಡನ್ನು ಬಿಚ್ಚಿ ಒಳಗೆ ನಟ್ಟು ಬೋಲ್ಟುಗಳನ್ನು ಸುರಿದೆ. ಹಡಗು ನೆಟ್ಟಗೇನೋ ನಿಂತಿತು, ಆದರೆ ಎಷ್ಟು ಆಳಕ್ಕೆ ಇಳಿಯಿತೆಂದರೆ ಡೆಕ್ಕಿನ ಅಂಚಿಗೆ ನೀರು ತಾಗಿ ಒಳಗೆ ನುಗ್ಗಿತು. ಮಗುಚುವ ಬದಲು ಮುಳುಗಿತು, ಅಷ್ಟೇ ವ್ಯತ್ಯಾಸ. ಬೋಲ್ಟು ಕಡಿಮೆ ಮಾಡಿದರೆ ಮತ್ತೆ ವಾಲುತ್ತದೆ. ದಿನಗಟ್ಟಲೆ ಇದೇ ಆಟ. ಅಮ್ಮ ಅಕ್ಕಿ ತೊಳೆಯಲು ಚೊಂಬು ಹಿಡಿದು ಬಂದರೆ ನಾನು ಡ್ರಮ್ಮು ಬಿಡುತ್ತಿರಲಿಲ್ಲ. “ನಿನ್ನ ಹಡಗಿನ ಬಣ್ಣ ಅನ್ನಕ್ಕೆ ಬಂದ್ರೆ ನೋಡು ಮತ್ತೆ” ಎಂದು ಬೈದರೂ ಒಂದು ಬಕೆಟ್ ನೀರು ತೆಗೆದಿಟ್ಟು ಡ್ರಮ್ಮನ್ನು ನನಗೇ ಬಿಟ್ಟುಕೊಟ್ಟಳು.

ಆಮೇಲೆ ಒಂದು ಮಧ್ಯಾಹ್ನ ಹಡಗನ್ನು ಅಂಗೈ ಮೇಲೆ ಹಿಡಿದು ಆಚೀಚೆ ವಾಲಿಸುತ್ತಾ ಕೂತಿದ್ದೆ. ಭಾರವೆಲ್ಲ ಎತ್ತರದಲ್ಲಿ ಕೂತಿರುವುದು ಕೈಗೆ ತಿಳಿಯಿತು. ಕೋವಿ, ಹೇರ್‌ಪಿನ್ನು, ಮಹಡಿ ಎಲ್ಲ ಹಗುರ. ನಿಜವಾದ ಭಾರ ಗೂಡುಗಳದ್ದು. ಅದರಲ್ಲೂ ಹಿಂದಿನ ಎರಡರಲ್ಲಿ ಒಂದು ಇನ್ನೊಂದಕ್ಕಿಂತ ಎತ್ತರದಲ್ಲಿ ಕೂತಿತ್ತು. ಅದೇ ಆ ನಾಲ್ಕನೆಯದು, ಮಾವ ವಾಪಸು ತಂದು ಕೂರಿಸಿದ್ದು. ಅದು ಹೋದರೆ ಹಡಗು ನಿಲ್ಲುತ್ತದೆ ಎಂದು ನನಗೆ ಗೊತ್ತಾಗಿಹೋಯಿತು. ಅದನ್ನು ತೆಗೆದರೆ ಮಾವ ನನ್ನ ಮುಖ ನೋಡುತ್ತಾರೋ ಇಲ್ಲವೋ ಎಂದು ಮಾತ್ರ ಗೊತ್ತಿರಲಿಲ್ಲ.  ಕೊನೆಗೆ ಸ್ಟವ್ ಹಚ್ಚಿದೆ, ಕೋಲು ಕಾಯಿಸಿದೆ, ಬೆಸುಗೆ ಕರಗಿಸಿದೆ. ಗೂಡು ‘ಟಕ್’ ಎಂದು ನೆಲಕ್ಕೆ ಬಿತ್ತು.

ಸಂಜೆ ಮಾವ ಕಾರ್ಖಾನೆಯಿಂದ ಬಂದಾಗ ಹಡಗು ಡ್ರಮ್ಮಿನಲ್ಲಿ ನಿಂತಿತ್ತು. ಅವರು ಚಪ್ಪಲಿ ಬಿಡುವುದನ್ನೂ ಮರೆತು ಬಗ್ಗಿ ನೋಡಿದರು. ಆಮೇಲೆ ಕಣ್ಣು ಹಡಗಿನ ಹಿಂಭಾಗಕ್ಕೆ ಹೋಯಿತು.

“ಎಲ್ಲಿ ಅದು?”

ಗೂಡನ್ನು ಅವರ ಅಂಗೈಯಲ್ಲಿಟ್ಟೆ.

“ಅವರೂ ಇದನ್ನೇ ಮಾಡಿದ್ದು. ನೀನೂ ಇಂಗ್ಲಿಷಿನವರ ಕಡೆಯವಳೇ ಆದಿಯಲ್ಲ!” ಗೂಡನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. “ಇದು ಲೆಕ್ಕಕ್ಕಿಲ್ಲ. ಇದು ಮೋಸ.”

ಅಮ್ಮ ಅಣ್ಣನ ಎದುರು ಮಾತಾಡುವವಳಲ್ಲ. ಅವತ್ತು ಒಲೆಯ ಮುಂದಿನಿಂದಲೇ, ತಿರುಗಿಯೂ ನೋಡದೆ ಹೇಳಿದಳು: “ಅಣ್ಣ, ನೀವು ಹೇಳಿದ್ದು ತೇಲಿಸು ಅಂತ. ನಾಲ್ಕು ಇಟ್ಕೊಂಡೇ ತೇಲಿಸು ಅಂತ ಹೇಳಿದ್ರಾ? ಮಾತು ಕೊಟ್ಟವರು ನೀವು.”

ಮಾವ ಡ್ರಮ್ಮಿನ ಕಡೆ ತಿರುಗಿದರು. ಡ್ರಮ್ಮಿನ ಅಂಚಿಗೆ ಮೊಣಕೈ ಊರಿ, ಒಂದು ಬೆರಳಿನಿಂದ ಹಡಗನ್ನು ಬದಿಗೆ ಒತ್ತಿದರು. ಅದು ವಾಲಿತು, ತಡೆಯಿತು, ಮೆಲ್ಲಗೆ ಎದ್ದು ನೆಟ್ಟಗಾಯಿತು. ಇನ್ನೊಂದು ಬದಿಗೆ ಒತ್ತಿದರು, ಮತ್ತೆ ಎದ್ದಿತು. ಅವರ ಮುಖದಲ್ಲಿ ಕೋಪವಿದೆಯೇ ಎಂದು ಹುಡುಕಿದೆ. ಅಲ್ಲಿದ್ದದ್ದು ದಕ್ಕೆಯಲ್ಲಿ ನನ್ನನ್ನು ಹಿಡಿದ ಅದೇ ಬೆರಗು. ಚಹಾ ಆರಿಹೋಯಿತು. ಅವರು ಒತ್ತುತ್ತಲೇ ಇದ್ದರು, ಅದು ಏಳುತ್ತಲೇ ಇತ್ತು. ಮೂರು ದಿನ ನನ್ನೊಡನೆ ಮಾತಿಲ್ಲ. ಆಮೇಲೆ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, “ಹೊರಡು, ಕಾಲೇಜಿನಲ್ಲಿ ಲೈನು ದೊಡ್ಡದಿರ್ತದೆ” ಎಂದರು.

ಮುಂದಿನ ದಾರಿ ಸುಲಭದ್ದೇನೂ ಆಗಿರಲಿಲ್ಲ. ಡಿಪ್ಲೊಮಾ ಮುಗಿಸಿ ಹಗಲು ಕಾರ್ಖಾನೆಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸ, ಸಂಜೆ ಇಂಜಿನಿಯರಿಂಗ್ ಕಾಲೇಜು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತುಕೊಂಡೇ ಓದಿದ್ದೇನೆ. ಗಣಿತದಲ್ಲಿ ಫೇಲಾಗಿ ಕೇಟಿ, ಅಂದರೆ ಪಾಸಾಗದ ವಿಷಯದ ಬಾಕಿ, ಹೊತ್ತು ಎರಡು ಸಲ ಅದೇ ಪರೀಕ್ಷೆ ಬರೆದಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಕಾಲೇಜಿನ ಲೈಬ್ರರಿಯಲ್ಲೇ ಬ್ರಿಟಿಷ್ ಕ್ರೂಸರುಗಳ ಬಗ್ಗೆ ಒಂದು ಹಳೆಯ ಪುಸ್ತಕ ಸಿಕ್ಕಿತು.  ಯುದ್ಧಕ್ಕೆ ಮೊದಲು ದೇಶಗಳು ಸಹಿ ಹಾಕಿದ ಒಪ್ಪಂದದಂತೆ ಕ್ರೂಸರಿನ ತೂಕ ಎಂಟು ಸಾವಿರ ಟನ್ ಮೀರುವ ಹಾಗಿರಲಿಲ್ಲ. ಅಷ್ಟರೊಳಗೆ, ತಮಗಿಂತ ದೊಡ್ಡ ಹಡಗುಗಳು ಹೊರುತ್ತಿದ್ದ ಹನ್ನೆರಡು ಫಿರಂಗಿಗಳನ್ನೂ ತುರುಕಿ ಕಟ್ಟಿದ ಹಡಗುಗಳು ಇವು. ಒಳಗೆ ಉಸಿರಾಡಲು ಜಾಗವಿಲ್ಲ. ಯುದ್ಧ ಶುರುವಾದ ಮೇಲೆ ಆಕಾಶದಿಂದ ವಿಮಾನ ಬಂದವು. ಕೋವಿ ಬೇಕಾಯಿತು, ರೇಡಾರು ಬೇಕಾಯಿತು, ಅವನ್ನು ನಡೆಸಲು ಜನ ಬೇಕಾದರು. ಎಲ್ಲ ಮೇಲೆಯೇ ಹತ್ತಿದ್ದು. ಭಾರ ತಾಳದೆ ಈ ಬಗೆಯ ಹಲವು ಹಡಗುಗಳಿಂದ ಹಿಂದಿನ ಎತ್ತರದ ಗೂಡನ್ನು ಇಳಿಸಬೇಕಾಯಿತು. ನಮ್ಮ ಮೈಸೂರಿನದು ಯಾವ ವರ್ಷ ಇಳಿಯಿತೋ ನನಗೆ ಖಚಿತವಾಗಿ ಗೊತ್ತಿಲ್ಲ. ಕಾರಣ ಮಾತ್ರ ಕಳ್ಳತನವಲ್ಲ. ದೂರದ ದೇಶದ ದೊಡ್ಡ ದೊಡ್ಡ ಇಂಜಿನಿಯರುಗಳು ಬಾಂಬು ಬೀಳುವ ಕಾಲದಲ್ಲಿ ತಲೆ ಕೆಡಿಸಿಕೊಂಡಿದ್ದ ಲೆಕ್ಕ, ನಮ್ಮ ನೀರಿನ ಡ್ರಮ್ಮಿನ ಲೆಕ್ಕವೇ ಆಗಿತ್ತು.

ಮಾವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. “ಪುಸ್ತಕ ಬರೆದವರು ಯಾರು? ಅವರೇ ಅಲ್ವಾ?” ಎಂದರು. ಮುಂದಿನ ಗಣಪತಿ ಹಬ್ಬದಲ್ಲೂ ಇಂಗ್ಲಿಷರು ಕಳ್ಳರೇ ಆಗಿದ್ದರು. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ ಅಷ್ಟೇ.

ಈಗ ಆ ಚಾಳು ಇಲ್ಲ. ಅಲ್ಲಿ ಗಾಜಿನ ಕಟ್ಟಡ ಎದ್ದಿದೆ. ನಲ್ಲಿಯಿದ್ದ ಜಾಗದಲ್ಲಿ ಕಾರು ನಿಲ್ಲುತ್ತವೆ. ಕಾಕುವಿನ ಮನೆಯವರು ಘೋಡಬಂದರ್ ರಸ್ತೆಯ ಕಡೆ ಎಲ್ಲೋ ಹೋದರಂತೆ. ದೊಡ್ಡ ಮೈಸೂರು ಚೂರುಚೂರಾಗಿ, ಕರಗಿ, ಯಾರ ಮನೆಯ ಕಿಟಕಿಯ ಸರಳಾಗಿದೆಯೋ! ತಗಡಿನ ಮೈಸೂರು ಮಳೆಗಾಲಗಳಿಗೆ ತುಕ್ಕು ಹಿಡಿದು, ಮನೆ ಖಾಲಿ ಮಾಡುವಾಗ ಹಿಡಿದರೆ ಪುಡಿಯಾಗುವಂತಿತ್ತು. ಅಪ್ಪ ಹೋದರು, ಅಮ್ಮ ಹೋದಳು. ಎಲ್ಲರಿಗಿಂತ ಮೊದಲು ಹೋದವರು ವಾಸು ಮಾವ. ನಾನು ಬೇಲಾಪುರದ ಆಫೀಸಿನಲ್ಲಿ ಹಡಗುಗಳ ನಕ್ಷೆಯ ಮುಂದೆ ಕೂರುತ್ತೇನೆ. ಕಂಪ್ಯೂಟರಿನ ಪರದೆಯ ಮೇಲೆ ಹಡಗನ್ನು ವಾಲಿಸಿ, ಅದು ಏಳುವುದನ್ನು ನೋಡುವುದೇ ನನ್ನ ಉದ್ಯೋಗ. ಎದ್ದಾಗಲೆಲ್ಲ ಹೇಳಬೇಕೆನಿಸುತ್ತದೆ, ಹೇಳಬೇಕಾದವರು ಇಲ್ಲ.

ಪದವಿಯ ಪ್ರಮಾಣಪತ್ರ ಕೈಗೆ ಬಂದ ದಿನ ಮಾವ ಇನ್ನೂ ಇದ್ದರು, ನಾನು ಸೀದಾ ಚಾಳಿನ ಮನೆಗೆ ಬಂದೆ. ಆಗ ಅವರಿಗೆ ಕಾರ್ಖಾನೆಯಿಂದ ನಿವೃತ್ತಿಯಾಗಿತ್ತು. ಹತ್ತನೆಯ ತರಗತಿಯಲ್ಲಿದ್ದ ಲತಾ ಬಾಗಿಲ ಬಳಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಪ್ರಮಾಣಪತ್ರವನ್ನು ಮಾವನ ಕೈಗೆ ಕೊಟ್ಟೆ. ಅವರು ಲುಂಗಿಗೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ನನ್ನ ಹೆಸರನ್ನು ಓದಿದರು. ಆಮೇಲೆ ಅದನ್ನು ಗೋಡೆಗೆ ಹಿಡಿದು, ತಲೆ ಓರೆ ಮಾಡಿ, ಬಹಳ ಹೊತ್ತು ಅಳತೆ ನೋಡಿದರು.

“ಫ್ರೇಮ್ ನಡುವಿನಲ್ಲಿ ಹೊಡೀಬೇಡ ಮಗಾ,” ಎಂದರು. “ಈ ಬದಿಗೆ ಸರಿಸಿ ಹೊಡಿ. ಪಕ್ಕದಲ್ಲಿ ಜಾಗ ಇರ್ಲಿ, ಲತಾಂದು ಬರ್ಲಿಕ್ಕುಂಟಲ್ಲ.”