ಬಿಸಿಲಿನ ನೆರಳಿಗೆ ಕಪ್ಪು ಹಚ್ಚದ ನೀಲಕಂಠಪ್ಪ

ಡಲ್ಲಾಸ್ ಬಳಿಯ ಇರ್ವಿಂಗ್‌ನ ಕಿರಾಣಿ ಅಂಗಡಿಯೊಂದರ ದಕ್ಷಿಣದ ಗೋಡೆಗೆ ನೀಲಕಂಠಪ್ಪ ಚಿತ್ರಗಾರ ಅಂಗೈ ಒತ್ತಿ ನಿಂತಿದ್ದಾರೆ. ಬೆಳಿಗ್ಗೆ ಆರು ದಾಟಿದೆ, ಸೂರ್ಯ ಹುಟ್ಟಿಲ್ಲ, ಆದರೂ ನಿನ್ನೆಯ ಬಿಸಿಲು ಗೋಡೆಯೊಳಗೆ ಉಳಿದಿದೆ. ಗೋಡೆ ಕಾದರೆ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತದೆ. ಹಾಗಾಗಿ ಟೆಕ್ಸಸ್‌ನ ಜೂನ್‌ನಲ್ಲಿ ಅವರ ಕೆಲಸ ಹತ್ತಕ್ಕೆ ಮುಗಿಯುತ್ತದೆ. ಗೋಡೆ ನಲವತ್ತು ಅಡಿ ಉದ್ದ. ಅದರ ತುಂಬ ಒಂದು ಮೆಣಸಿನಕಾಯಿ ಪೇಟೆ: ರಾಶಿಗಳು, ತಕ್ಕಡಿ, ಇಳಕಲ್ ಸೀರೆಯ ಹೆಂಗಸರು, ಚೌಕಾಸಿ, ಧೂಳು, ಒಂದು ಬೇವಿನ ಮರ.

ವಯಸ್ಸು ಅರವತ್ತನಾಲ್ಕು. ಊರು ಗದಗ. ಹದಿನಾರಕ್ಕೇ ನಾಟಕ ಕಂಪನಿಯ ಪರದೆ ಬರೆಯಲು ಪುಟ್ಟಣ್ಣ ಮೇಸ್ತ್ರಿಯ ಕೈಕೆಳಗೆ ಸೇರಿದರು. ಪರದೆಯ ಕಾಲ ಮುಗಿದ ಮೇಲೆ ಗುಡಿಗಳ ಗೋಪುರಕ್ಕೆ ಬಣ್ಣ ಹಚ್ಚಿದರು. ಹದಿನೈದು ವರ್ಷದ ಹಿಂದೆ ಹ್ಯೂಸ್ಟನ್ ಬಳಿಯ ಗುಡಿಯ ಕೆಲಸಕ್ಕೆಂದು ಬಂದವರು ಇಲ್ಲೇ ಉಳಿದರು. ಆಮೇಲೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸೇರಿ ಹದಿನೇಳು ಗೋಡೆ. ಅವುಗಳ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಯಾವ ಗೋಡೆಯ ಮೂಲೆಯಲ್ಲೂ ಅವರ ಹೆಸರಿಲ್ಲ.

ಪುಟ್ಟಣ್ಣ ಮೇಸ್ತ್ರಿಯ ಬಣ್ಣದ ಪೆಟ್ಟಿಗೆಯಲ್ಲಿ ಕಪ್ಪು ಇರುತ್ತಿರಲಿಲ್ಲ. ಬಯಲಿನ ಚಿತ್ರಕ್ಕೆ ಕಪ್ಪು ತಗಲಿದರೆ ಬಿಸಿಲು ಸಾಯುತ್ತದೆ ಅನ್ನುವುದು ಆತನ ಮಾತು. ಬಿಸಿಲು ಹಳದಿಯಾದರೆ ನೆರಳಿಗೆ ನೇರಳೆ, ಧೂಳು ಕೆಂಪಾದರೆ ನೆರಳಿಗೆ ಹಸಿರು ಮಿಶ್ರಿತ ನೀಲಿ. ನೀಲಕಂಠಪ್ಪ ನಲವತ್ತೇಳು ವರ್ಷ ಅದನ್ನೇ ಪಾಲಿಸಿದರು.

"ಮೆಣಸಿನಕಾಯಿ ರಾಶಿ ಉರೀಬೇಕಂದ್ರ ಕೆಂಪು ಸುರೀಬಾರದ್ರಿ," ಅನ್ನುತ್ತಾರೆ. "ಮಗ್ಗಲಕ್ಕ ಹಸಿರು ಕುಬಸ ತೊಟ್ಟಾಕಿನ್ನ ಕೂಡಿಸಬೇಕು. ಆಕಿನ ಬೆಂಕಿ ಹಚ್ಚತಾಳ. ಆಮ್ಯಾಲೆ ದೂರ ಹೋಗಿ ಕಣ್ಣು ಅರ್ಧ ಮುಚ್ಚಿ ನೋಡಬೇಕು. ಬಣ್ಣ ಹೋಗಿ ಬೆಳಕು, ನೆರಳು ಎರಡ ಉಳೀತಾವು. ಅವೆರಡೂ ಬ್ಯಾರೆ ಬ್ಯಾರೆ ನಿಂತ್ರ ಪ್ಯಾಟಿ ಗದ್ದಲ ಮಾಡತೈತಿ."

ಈಗ ಅವರಿಗೆ ಆ ಎರಡೇ ಬೇರೆ ಬೇರೆ ಕಾಣುವುದಿಲ್ಲ. ಗ್ಲಾಕೋಮಾ. ಬಲಗಣ್ಣು ಬಹುಪಾಲು ಹೋಗಿದೆ, ಎಡಗಣ್ಣಿನಲ್ಲಿ ನಡುವಿನ ತುಂಡಷ್ಟೇ ಉಳಿದಿದೆ, ಅದೂ ಮಸುಕು. ಕಂದು ಗೋಡೆಯಲ್ಲಿನ ಕಂದು ಬಾಗಿಲು ಅವರ ಕಣ್ಣಿಗೆ ಬೀಳುವುದಿಲ್ಲ. ಸ್ಟೀಲ್ ಲೋಟದ ಮಜ್ಜಿಗೆ ಎಲ್ಲಿಯವರೆಗೆ ತುಂಬಿದೆ ತಿಳಿಯದೆ ಚೆಲ್ಲುತ್ತಿದ್ದರು. ಹೆಂಡತಿ ಸುಮಿತ್ರವ್ವ ಕಡುನೀಲಿ ಪ್ಲಾಸ್ಟಿಕ್ ಲೋಟ ತಂದ ಮೇಲೆ ಚೆಲ್ಲುವುದು ನಿಂತಿತು. ಎರಡು ವರ್ಷ ಅವರು ಇದನ್ನು ಟೆಕ್ಸಸ್ ಬಿಸಿಲಿನ ಜಳ ಅಂದುಕೊಂಡು ಕಪ್ಪು ಕನ್ನಡಕ ಹಾಕಿ ಓಡಾಡಿದ್ದರು. ಡಾಕ್ಟರ್ ಹೇಳಿದ್ದು ಇಷ್ಟೇ: ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಕಾಯಬೇಕು.

ಕಣ್ಣು ಕೈಕೊಟ್ಟಿದೆ ಅಂತ ಗೊತ್ತಾದದ್ದು ಹೋದ ಅಕ್ಟೋಬರ್‌ನಲ್ಲಿ, ಆಸ್ಟಿನ್‌ನ ಒಂದು ಹೋಟೆಲಿನ ಗೋಡೆಯ ಮುಂದೆ. ಹೂ ಮಾರುವ ಹೆಂಗಸನ್ನು ಬರೆದಿದ್ದರು. ಅವಳ ಕೈಯಲ್ಲಿ ಮಲ್ಲಿಗೆಯ ದಂಡೆ, ಹಿಂದೆ ಕೆನೆಬಣ್ಣದ ಗೋಡೆ; ಹೂವಿನ ಬಿಳಿ ಅದರಲ್ಲೇ ಕರಗಿದ್ದು ಅವರಿಗೆ ತಿಳಿಯಲಿಲ್ಲ. ಊಟಕ್ಕೆ ಬಂದವರು ಆಂಟಿ ಬರಿಗೈಯಲ್ಲಿ ಏನು ಎಣಿಸುತ್ತಿದ್ದಾರೆ ಎಂದು ಕೇಳಿ ನಕ್ಕರು. ಮಾಲೀಕ ವಾರದೊಳಗೆ ಬೇರೆಯವರಿಂದ ಗೋಡೆಗೆ ಬಣ್ಣ ಬಳಿಸಿದ. ಅಲ್ಲಿಂದ ಮತ್ತೆ ಕರೆ ಬರಲಿಲ್ಲ.

ಮಾರ್ಚ್‌ನಿಂದ ಅವರು ಕಾರು ಮುಟ್ಟಿಲ್ಲ. ರೆಸ್ಟೋರೆಂಟ್ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರು ರೊಟ್ಟಿ ತಟ್ಟುವ ಸುಮಿತ್ರವ್ವ ಐವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಕಾರುಗಳು ನುಗ್ಗುವ ಫ್ರೀವೇ ಹೆದ್ದಾರಿ ಹತ್ತು ಅಂದರೆ ಗಂಡನನ್ನು ಇಳಿಸಿಯೇ ಹತ್ತುತ್ತೇನೆ ಅನ್ನುತ್ತಾರೆ. ಅಲ್ಲಿಗೆ ಹ್ಯೂಸ್ಟನ್ ಹೋಯಿತು, ಆಸ್ಟಿನ್ ಮೊದಲೇ ಹೋಗಿತ್ತು, ಅರ್ಧ ಗಂಟೆಯ ಫ್ರಿಸ್ಕೋ ಕೂಡ ದೂರವಾಯಿತು. ಮನೆಯಿಂದ ಹತ್ತು ನಿಮಿಷದ ಈ ಗೋಡೆ ಉಳಿದಿದೆ. ಇದು ಕಡೆಯದು ಅಂತ ಇಬ್ಬರಿಗೂ ಗೊತ್ತಿದೆ. ಇದೊಂದು ಸರಿಯಾಗಿ ಮುಗಿಯಬೇಕು ಅನ್ನುವುದು ಬಿಟ್ಟರೆ ನೀಲಕಂಠಪ್ಪನವರಿಗೆ ಬೇರೆ ಆಸೆ ಇಲ್ಲ. ಈ ಲೇಖನದಲ್ಲಿ ಕಣ್ಣಿನ ವಿಷಯ ಬರೆಯಬಹುದೇ ಅಂದರೆ, ಇನ್ನು ಮುಚ್ಚಿಟ್ಟರೂ ಕೆಲಸಕ್ಕೆ ಯಾರು ಕರೆಯುತ್ತಾರೆ ಅನ್ನುತ್ತಾರೆ.

ಮೇ ತಿಂಗಳಲ್ಲಿ ಅವರು ಒಂದು ಗ್ಯಾಲನ್ ಕಪ್ಪು ಕೊಂಡರು. ತಾವು ಬರೆದ ಗೆರೆ ತಮಗೇ ಕಾಣಬೇಕಲ್ಲ. ರಾಶಿಗೆ, ಸೀರೆಗೆ, ಮೂಗಿಗೆ, ಎಲ್ಲಕ್ಕೂ ಹೆಬ್ಬೆರಳು ದಪ್ಪದ ಕಪ್ಪು ಅಂಚು ಬಂತು. ಅಂಗಡಿಯ ಮಾಲೀಕ, ಮೈಸೂರಿನ ತಿರುಮಲ, ಕಾಫಿ ಹಿಡಿದು ಬಂದವನು ನಿಂತು ನೋಡುತ್ತಾನೆ.

"ಅಂಕಲ್, ನಿಮ್ಮ ಹಳೇ ಗೋಡೆಗಳಿಗಿಂತ ಇದೇ ಸಖತ್. ಕಾರ್ಟೂನ್ ಥರ ಪಾಪ್ ಆಗ್ತಿದೆ."

ನೀಲಕಂಠಪ್ಪ ಥ್ಯಾಂಕ್ಸ್ ಅನ್ನುತ್ತಾರೆ. ಅವನು ಒಳಗೆ ಹೋದ ಮೇಲೆ ಕುಂಚ ತೊಳೆಯುತ್ತ, ಹೊಗಳಿಕೆ ಸುಳ್ಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ ಅನ್ನುತ್ತಾರೆ.

ಬೇವಿನ ಮರದ ಕೆಳಗೆ ಮಾತ್ರ ಅವರು ಕಪ್ಪು ಹಾಕಿಲ್ಲ. ಅಲ್ಲಿ ಹಳೆಯ ಪದ್ಧತಿಯಂತೆ ನೇರಳೆ, ನೀಲಿ. ಡಬ್ಬಿಗಳ ಮೇಲೆ ಸುಮಿತ್ರವ್ವ ದಪ್ಪಕ್ಷರದಲ್ಲಿ ಹೆಸರು ಬರೆದಿದ್ದಾರೆ. ಎಷ್ಟಕ್ಕೆ ಎಷ್ಟು ಬೆರೆಸಬೇಕೆಂಬುದು ಕೈಗೆ ನೆನಪಿದೆ. ನಾಲ್ಕು ಬೆಳಗು ಆ ನೆರಳಿಗೇ ಹೋಗಿವೆ.

ಒಂಬತ್ತೂವರೆಗೆ ಅವರು ಹೆಂಡತಿಯನ್ನು ಪಾರ್ಕಿಂಗ್‌ನ ಆಚೆ ತುದಿಗೆ ಕಳಿಸುತ್ತಾರೆ. ಚೆಂದ ಐತಿ ಅಂತ ಹೇಳಬ್ಯಾಡ, ಎಣಿಸಿ ಹೇಳು ಅಂದಿದ್ದಾರೆ. ಸುಮಿತ್ರವ್ವ ಸೆರಗಿನಿಂದ ಬಿಸಿಲು ಮರೆಮಾಡಿ ನೋಡಿ ವಾಪಸು ಬರುತ್ತಾರೆ.

"ಗಿಡದ ಬುಡಕ್ಕ ನಾಕು ಮಂದಿ ಅದಾರ್ರಿ."

"ಸರಿಯಾಗಿ ನೋಡಿದೇನು?"

"ಎರಡು ಸಲ ಎಣಿಸೀನಿ. ನಾಕು."

ಅವರು ಬರೆದದ್ದು ಆರು ಜನರನ್ನು. ವೀಳ್ಯದೆಲೆಯ ಮುದುಕಿ ಮತ್ತು ತಲೆಗೆ ಕೈಕೊಟ್ಟು ಮಲಗಿದ ಹಮಾಲ ನೆರಳಿನೊಳಗೇ ಕರಗಿದ್ದಾರೆ. ನೀಲಕಂಠಪ್ಪ ಗೋಡೆಗೆ ಮುಖ ತಾಗುವಷ್ಟು ಹತ್ತಿರ ಹೋಗಿ, ಬೆರಳಿನಿಂದ ತಡವಿ ಬಣ್ಣದ ದಪ್ಪವನ್ನು ಹುಡುಕುತ್ತಾರೆ. ಸುಮಿತ್ರವ್ವ ಕಪ್ಪಿನ ಡಬ್ಬಿಯನ್ನು ಕಾಲಿನ ಹತ್ತಿರಕ್ಕೆ ಸರಿಸುತ್ತಾರೆ. ನೀಲಕಂಠಪ್ಪ ಬೇಡ ಅಂತ ಕೈಯಾಡಿಸುತ್ತಾರೆ.

"ನಾಳೆ ಲಗೂನ ಬರೋಣು," ಅನ್ನುತ್ತಾರೆ. "ಆ ಇಬ್ಬರನ್ನ ನೆರಳಿನ್ಯಾಗಿಂದ ಹೊರಗ ತಗದು ಕುಂಚ ಬಿಟ್ಟಬಿಡತೀನಿ. ಆದ್ರ ಅವರನ್ನ ಎಲ್ಲಿ ಕೂಡಿಸೀನಿ ಅನ್ನೋದು ನನಗೂ ಸಿಗವಲ್ದು."