ಪ್ಯಾಂಟಿಗೆಲ್ಲಿಯ ಉಡಿ?

ಗೆಳೆಯರೇ, ಇಂದು ರಜೆಯ ಕೊನೆಯ ದಿನ. ರಾತ್ರಿ ಹೈದರಾಬಾದಿನಿಂದ ವಿಮಾನ. ಬೆಳಿಗ್ಗೆ ಗೂಗಲ್ ಎಂಬ ಹಳ್ಳಿಯ ಅಲ್ಲಮಪ್ರಭು ಗುಡಿ, ಕೃಷ್ಣೆಯ ದಂಡೆ ನೋಡಿ, ಅಲ್ಲೇ ಒಂದು ಮನೆಯಲ್ಲಿ ನೀರು ಕೇಳಿದೆ. ಮನೆಯ ಅಜ್ಜಿ ನೀರಿನ ಜೊತೆ ಅಕ್ಕಿ, ಕೊಬ್ಬರಿ, ಬೆಲ್ಲವನ್ನೂ ತಂದರು.

“ಮೊದಲ್ನೇ ಸಲ ಬಂದೀದಿ ಯವ್ವಾ, ಬರೇ ಉಡೀಲೆ ಹೆಂಗ ಕಳಸ್ಲಿ? ಸೆರಗ ಒಡ್ಡು.”

ನಾನು ತೊಟ್ಟಿದ್ದು ಪ್ಯಾಂಟು, ಶರ್ಟು. ಅಜ್ಜಿ ತಂತಿಯ ಮೇಲಿದ್ದ ತಮ್ಮ ಸೀರೆಯನ್ನು ಪ್ಯಾಂಟಿನ ಮೇಲೆಯೇ ಸುತ್ತತೊಡಗಿದರು.

“ಅವ್ವಾರ, ವಿಮಾನ ತಪ್ತದರೀ!” ಎಂದರು ನನ್ನ ಗಂಡ.

“ತಪ್ಪಿದ್ರ ನಾಳಿಗಿ ಹೋಗ್ರೆಪಾ. ರೊಟ್ಟಿ ಬಡೀತೀನಿ, ಉಂಡು ಹೋಗ್ರಿ.”

ಉಡಿ ತುಂಬಿತು. ರೊಟ್ಟಿಗೆ ಮಾತ್ರ ಗಂಡ ಒಪ್ಪದೆ ನನ್ನನ್ನು ಕಾರು ಹತ್ತಿಸಿದರು.

ಈಗ ನಿಲ್ದಾಣದಲ್ಲಿದ್ದೇವೆ. ವಿಮಾನ ಬಹಳ ತಡವಂತೆ. ಗಂಡ ಒಣಗಿದ ಸ್ಯಾಂಡ್‌ವಿಚ್ ಅಗಿಯುತ್ತಿದ್ದಾರೆ. ಅವರಿಗೆ ನಾನು ಏನೂ ಅನ್ನಲಿಲ್ಲ. ಇಲ್ಲಿ ಬರೆದೆ, ಅಷ್ಟೇ.